ನಾನು ಅಳಿಸಿದ ಹತ್ತೊಂಬತ್ತು ಪ್ರತಿಗಳು

ನಮ್ಮ ಸಭಾಂಗಣದ ವಾದ್ಯವೃಂದದಲ್ಲಿ ಎಪ್ಪತ್ತು ಮಂದಿ ನುಡಿಸುತ್ತಾರೆ. ದೊಡ್ಡ ಕೃತಿಯಾದರೆ ಅವರ ಹಿಂದೆ ನೂರಿಪ್ಪತ್ತು ಮಂದಿ ಹಾಡುವವರು ಮೆಟ್ಟಿಲುಗಳ ಮೇಲೆ ಸಾಲಾಗಿ ನಿಲ್ಲುತ್ತಾರೆ. ಜನ ಟಿಕೆಟ್ ಕೊಂಡು ಬಂದು ಕೇಳುತ್ತಾರೆ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಮನೆಗೆ ಹೋಗುತ್ತಾರೆ. ಅಷ್ಟೂ ಜನರ ಮುಂದೆ ತೆರೆದಿರುವ ಹಾಳೆಗಳನ್ನು ಸಿದ್ಧ ಮಾಡಿದವರು ಯಾರು ಎಂದು ಒಬ್ಬರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಇಪ್ಪತ್ತೆರಡು ವರ್ಷ ಅದನ್ನು ಮಾಡಿದವರು ಒಬ್ಬ ಹೆಂಗಸು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಇದು ಅವರ ಕತೆ. ಇದರಲ್ಲಿ ನನ್ನ ಪಾಲೂ ಇದೆ, ಅದು ಒಳ್ಳೆಯ ಪಾಲಲ್ಲ.

ನಾನು ಅಲ್ಲಿ ವೇದಿಕೆ ಕೆಲಸದವನು. ಕುರ್ಚಿ ಹಾಕುವುದು, ಹಾಳೆ ಇಡುವ ಸ್ಟ್ಯಾಂಡ್ ನಿಲ್ಲಿಸುವುದು, ಪಿಯಾನೊ ತಳ್ಳುವುದು, ಹಾಡುವವರು ಹತ್ತಿ ನಿಲ್ಲುವ ಮರದ ಮೆಟ್ಟಿಲು ಕಟ್ಟುವುದು. ಓದಿದ್ದು ಐದನೇ ಕ್ಲಾಸಿನ ತನಕ. ಸಂಗೀತದ ಬರಹ ನನಗೆ ಇವತ್ತಿಗೂ ತಂತಿಯ ಮೇಲೆ ಹೊರಟ ಇರುವೆ ಸಾಲಿನ ಹಾಗೆ ಕಾಣುತ್ತದೆ. ನನ್ನ ಸಿಟ್ಟು ನೋಡಿ ಪಿಟೀಲಿನವರು ನನಗೆ ಕುಕ್ಕರ್ ಎಂದು ಹೆಸರಿಟ್ಟಿದ್ದರು. ನಾನು ವೇದಿಕೆಗೆ ಬಂದರೆ ಹಿಂದಿನ ಸಾಲಿನಿಂದ ಯಾರಾದರೂ ಸಣ್ಣಗೆ ಸೀಟಿ ಹೊಡೆಯುತ್ತಿದ್ದರು. ಅದಕ್ಕೆ ಮತ್ತೆ ಸಿಟ್ಟು ಬರುತ್ತಿತ್ತು.

ಅಕ್ಕ ಮೊದಲು ಅದೇ ವೃಂದದಲ್ಲಿ ಪಿಟೀಲು ನುಡಿಸುತ್ತಿದ್ದವರು. ಆರು ವರ್ಷ ನುಡಿಸಿದ ಮೇಲೆ ಒಂದು ದಿನ ಬಸ್ಸಿನ ಬಾಗಿಲಿಗೆ ಎಡಗೈ ಸಿಕ್ಕಿತು. ಎರಡು ಬೆರಳಿಗೆ ಸ್ಪರ್ಶವೇ ಹೋಯಿತು. ಬೇರೆಯವರಾಗಿದ್ದರೆ ಆ ಕಟ್ಟಡದ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅಕ್ಕ ಹಾಳೆ ನೋಡಿಕೊಳ್ಳುವ ಕೆಲಸ ಕೇಳಿ ಪಡೆದರು. "ನುಡಿಸೋಕಾಗದಿದ್ರೆ ನುಡಿಸೋರಿಗೆ ದಾರಿ ಹಾಕ್ಕೊಡ್ತೀನಿ, ಅದೂ ಕೆಲಸಾನೇ" ಎನ್ನುತ್ತಿದ್ದರು.

ಅವರ ಕೋಣೆ ವೇದಿಕೆಯ ಹಿಂದೆ, ಸಾಮಾನು ಇಳಿಸುವ ಅಂಗಳಕ್ಕೂ ವೇದಿಕೆಗೂ ನಡುವೆ. ಕಟ್ಟಿದವನು ಅದನ್ನು ಓಣಿ ಎಂದುಕೊಂಡು ಕಟ್ಟಿರಬೇಕು. ಎರಡೂ ಗೋಡೆಗೆ ಕಬ್ಬಿಣದ ಕಪಾಟುಗಳು, ನಡುವೆ ಒಂದು ಉದ್ದನೆಯ ಮೇಜು. ಮೇಜಿನ ಒಂದು ತುದಿ ವೇದಿಕೆಯ ಬಾಗಿಲ ಕಡೆ, ಇನ್ನೊಂದು ತುದಿ ಅಂಗಳದ ಬಾಗಿಲ ಪಕ್ಕದ ಕಿಟಕಿ ಕಡೆ. ಓದುವವರು ಈ ಮೇಜನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಾನು ಮಾಡಿದ ಅನ್ಯಾಯ ಅದರ ಮೇಲೇ ಆದದ್ದು.

ಅಕ್ಕನ ಕೆಲಸ ಏನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ಪಿಟೀಲಿನವರು, ಕಾಲ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲಿನಂಥ ಸೆಲ್ಲೋದವರು, ಎಲ್ಲರೂ ಕಮಾನನ್ನು ಒಟ್ಟಿಗೆ ಕೆಳಗೆ ಎಳೆಯಬೇಕು, ಒಟ್ಟಿಗೆ ಮೇಲೆ ತಳ್ಳಬೇಕು. ಎಲ್ಲಿ ಎಳೆಯುವುದು, ಎಲ್ಲಿ ತಳ್ಳುವುದು ಎಂದು ಮೊದಲ ಪಿಟೀಲಿನ ಯಜಮಾನರು ತಮ್ಮ ಪ್ರತಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಎಳೆಯುವುದಕ್ಕೆ ಬಾಗಿಲ ಚೌಕಟ್ಟಿನಂಥ ಗುರುತು, ತಳ್ಳುವುದಕ್ಕೆ ಇಕ್ಕುಳದ ಬಾಯಿಯಂಥದ್ದು. ಅದನ್ನು ನೋಡಿಕೊಂಡು ಉಳಿದ ಎಲ್ಲ ಪ್ರತಿಗಳಿಗೂ ಅಕ್ಕ ಗುರುತು ಹಾಕಬೇಕು. ಇಬ್ಬರಿಗೆ ಒಂದು ಪ್ರತಿ. ದೊಡ್ಡ ಕೃತಿಗೆ ಇಪ್ಪತ್ತೇಳು ಪ್ರತಿ. ಒಂದೊಂದು ಪ್ರತಿಯಲ್ಲಿ ಸಾವಿರಾರು ಗುರುತು. ಒಂದು ತಪ್ಪಿದರೆ ವೇದಿಕೆಯ ಮೇಲೆ ಒಂದು ಕಮಾನು ಉಳಿದವಕ್ಕೆ ಎದುರಾಗಿ ಹೋಗುತ್ತದೆ, ಸಾವಿರ ಜನ ನೋಡುತ್ತಾರೆ.

ದೊಡ್ಡ ಕೃತಿಗಳ ಹಾಳೆ ಬಾಡಿಗೆಗೆ ಬರುತ್ತವೆ. ಹಿಂದೆ ನುಡಿಸಿದವರು ತಮ್ಮ ಗುರುತುಗಳನ್ನು ಅಳಿಸಿ ಕಳಿಸಬೇಕು. ಎಷ್ಟೋ ಸಲ ಸೋಮಾರಿಗಳು ಅಳಿಸಿರುವುದಿಲ್ಲ. ಆಗ ಮೊದಲು ಅವರದನ್ನು ಅಳಿಸಿ, ಆಮೇಲೆ ನಮ್ಮದು ಬರೆಯಬೇಕು. ಅಳಿಸುವುದಕ್ಕೆ ನಾನು ಅಕ್ಕನ ಜೊತೆ ಕೂರುತ್ತಿದ್ದೆ. ಅದು ನನ್ನ ಕೆಲಸವಲ್ಲ, ಆದರೂ ಕೂರುತ್ತಿದ್ದೆ. ಯಾರ ಮೇಲಾದರೂ ಕೂಗಾಡಿ ಬಂದ ದಿನ ಅಕ್ಕ ನನ್ನ ಮುಖ ನೋಡಿದವರೇ ಒಂದು ರಬ್ಬರ್ ತೆಗೆದು ಮುಂದೆ ಇಡುತ್ತಿದ್ದರು.

"ಇವತ್ತು ಯಾರಿಗೆ ಬಿತ್ತು?"

"ಡೋಲಿನವನಿಗೆ ಅಕ್ಕ. ಕುರ್ಚಿ ಎತ್ತರ ಸಾಲದಂತೆ. ಸಿಂಹಾಸನ ತಂದು ಹಾಕ್ಲಾ ಅಂದೆ."

"ಆಯ್ತು, ಉಜ್ಜು. ಹಾಳೆ ಹರೀಬೇಡ. ಸಿಟ್ಟೆಲ್ಲ ಪುಡಿಯಾಗಿ ಉದುರಲಿ."

ನಿಜವಾಗಿಯೂ ಉದುರುತ್ತಿತ್ತು. ಒಂದು ಗಂಟೆ ಉಜ್ಜಿದರೆ ಮನುಷ್ಯನಾಗುತ್ತಿದ್ದೆ.

ಆ ವರ್ಷ ತೆಗೆದುಕೊಂಡದ್ದು ಸತ್ತವರಿಗಾಗಿ ಬರೆದ ಒಂದು ದೊಡ್ಡ ಕೃತಿ. ಒಂದೂವರೆ ಗಂಟೆಯದು, ಇಡೀ ವೃಂದ, ಇಡೀ ಕೋರಸ್. ನೂರಿಪ್ಪತ್ತು ಜನಕ್ಕೆ ಹಳೆಯ ಮೆಟ್ಟಿಲು ಸಾಲದೆಂದು ಬಡಗಿಯ ಹತ್ತಿರ ಹೊಸ ಹಲಗೆ ಮಾಡಿಸಿದ್ದೆವು. ಬಾಡಿಗೆಗೆ ಬಂದ ಪ್ರತಿಗಳಲ್ಲಿ ಹಿಂದಿನವರ ಗುರುತು ಹಾಗೇ ಇತ್ತು. ಅಕ್ಕ ಮೂರು ವಾರದಿಂದ ಅಳಿಸುತ್ತ, ಬರೆಯುತ್ತ ಕೂತಿದ್ದರು. ಮುಗಿದ ಪ್ರತಿಗಳನ್ನು ಬಾಗಿಲ ಕಡೆ ಜೋಡಿಸುತ್ತಿದ್ದರು, ಇನ್ನೂ ಅಳಿಸಬೇಕಾದವು ಕಿಟಕಿ ಕಡೆ. "ಕಿಟಕಿ ಕಡೆಯದು ಇನ್ನೊಂದಿಷ್ಟು ಉಳ್ಕೊಂಡಿದೆ. ನಿನಗೆ ಬಿಡುವಾದಾಗ ಬಾ" ಎಂದು ನನಗೆ ಹೇಳಿದ್ದರು.

ಮಂಗಳವಾರ ಹಲಗೆಗಳು ಬಂದವು. ಹನ್ನೆರಡು ಅಡಿ ಉದ್ದದವು. ಅಕ್ಕನ ಕೋಣೆಯೊಳಗೇ ದಾರಿ. ನಡುವೆ ಮೇಜು. ಲಾರಿಯವನು ಅಂಗಳದಲ್ಲಿ ಹಾರ್ನ್ ಹೊಡೆಯುತ್ತಿದ್ದ.

"ಅಕ್ಕ, ಇದನ್ನ ತೆಗೀರಿ."

"ಒಂದರ್ಧ ಗಂಟೆ ತಡಿಯಪ್ಪ. ಈ ಸೆಲ್ಲೋ ಪ್ರತಿ ಮುಗಿಸಿ ಎತ್ತಿಡ್ತೀನಿ."

"ಅರ್ಧ ಗಂಟೆ ಲಾರಿಯವನು ನಿಮ್ಮ ಮುಖ ನೋಡ್ಕೊಂಡು ನಿಂತಿರ್ತಾನಾ? ಯಾವಾಗ್ ನೋಡಿದ್ರೂ ಈ ಕಾಗದದ ಮೂಟೆ! ಇಲ್ಲೊಬ್ಬ ಮನುಷ್ಯ ಓಡಾಡೋಕೆ ಜಾಗ ಇಲ್ಲ!"

ಇನ್ನೂ ಏನೇನೋ ಅಂದೆ. ನುಡಿಸಲಾಗದವರಿಗೆ ಇಷ್ಟು ದೊಡ್ಡ ಕೋಣೆ ಯಾಕೆ ಎಂದೂ ಅಂದೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಆಗಲೇ ಹೊರಗೆ ಬಿದ್ದಾಗಿತ್ತು. ಅಕ್ಕ ಕೈಯಲ್ಲಿದ್ದ ಪ್ರತಿಯ ಕೊನೆಯ ಪುಟ ಮುಗಿಸಿ ಬಾಗಿಲ ಕಡೆಯ ಕಟ್ಟಿನ ಮೇಲೆ ಇಟ್ಟರು, ಚೀಲ ತೆಗೆದುಕೊಂಡು ಊಟಕ್ಕೆ ಮುಂಚೆಯೇ ಮನೆಗೆ ಹೋದರು. ಮಾರನೆಯ ದಿನ ಬುಧವಾರ, ಅವರ ವಾರದ ರಜೆ.

ನಾನು ಆ ಸಿಟ್ಟಿನಲ್ಲೇ ಮೇಜನ್ನು, ಮೇಲಿದ್ದ ಕಟ್ಟುಗಳ ಸಮೇತ, ಅಂಗಳಕ್ಕೆ ಎಳೆದೆ. ಲಾರಿಗೆ ಅಡ್ಡವಾಗದಿರಲೆಂದು ತಿರುಗಿಸಿ ಗೋಡೆಗೆ ಒತ್ತಿದೆ. ಹಲಗೆಗಳೆಲ್ಲ ಒಳಗೆ ಹೋದ ಮೇಲೆ ಮತ್ತೆ ಒಳಗೆ ತಳ್ಳಿದೆ. ಯಾವ ತುದಿ ಮುಂದೆ ಸಿಕ್ಕಿತೋ ಆ ತುದಿ ಮುಂದೆ. ಬಾಗಿಲ ಕಡೆ ಇದ್ದದ್ದು ಕಿಟಕಿ ಕಡೆ ಹೋಯಿತು. ನನ್ನ ಗಮನಕ್ಕೆ ಬರಲಿಲ್ಲ.

ಆ ಸಂಜೆ ಮನೆಯಲ್ಲಿ ಊಟ ಸೇರಲಿಲ್ಲ. ಹೆಂಡತಿ ಕೇಳಿದಳು, "ಯಾರನ್ನ ಕಡಿದು ಬಂದ್ರಿ?"

"ಅಕ್ಕನ್ನ."

"ಆ ಹೆಂಗಸನ್ನೂ ಬಿಡ್ಲಿಲ್ವಾ? ನಿಮಗೆ ಜ್ವರ ಬಂದಾಗ ಒಂಬತ್ತು ದಿನ ನಿಮ್ಮ ಕುರ್ಚಿ ಹಾಕಿದವರು ಅವರು. ಹೋಗಿ ಕಾಲಿಗೆ ಬೀಳಿ."

ಕಾಲಿಗೆ ಬೀಳುವುದು, ತಪ್ಪಾಯಿತು ಎನ್ನುವುದು ನನ್ನ ಬಾಯಿಗೆ ಬರುವುದಿಲ್ಲ. ಕೈಯಿಂದ ಏನಾದರೂ ಮಾಡಬಲ್ಲೆ. ಬುಧವಾರ ಬೆಳಿಗ್ಗೆ ಬೇಗ ಹೋಗಿ ಅಕ್ಕನ ಕೋಣೆಯಲ್ಲಿ ಕೂತೆ. ಉಳಿದ ಪ್ರತಿಗಳನ್ನೆಲ್ಲ ಅಳಿಸಿಡುತ್ತೇನೆ, ಗುರುವಾರ ಬಂದು ನೋಡಿದಾಗ ಅವರಿಗೇ ಗೊತ್ತಾಗಲಿ ಎಂದುಕೊಂಡೆ. ಕಿಟಕಿ ಕಡೆಯ ಕಟ್ಟನ್ನು ಎಳೆದುಕೊಂಡೆ. ಪೂರ್ತಿ ಹತ್ತೊಂಬತ್ತು ಪ್ರತಿ. ಪಾಪ, ಇನ್ನೂ ಇಷ್ಟೊಂದು ಉಳಿದಿದೆಯಲ್ಲ, ಇಷ್ಟು ಒತ್ತಡದಲ್ಲಿರುವವರ ಮೇಲೆ ಕೂಗಾಡಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಚೌಕಟ್ಟು, ಇಕ್ಕುಳದ ಬಾಯಿ, ಚೌಕಟ್ಟು, ಇಕ್ಕುಳದ ಬಾಯಿ. ಯಾರು ಬರೆದರೂ ಆ ಗುರುತು ಒಂದೇ. ಬೆಳಗಿನಿಂದ ಸಂಜೆ ಐದರ ತನಕ ಉಜ್ಜಿದೆ. ಹೆಬ್ಬೆರಳು ಬಾತುಕೊಂಡಿತು. ಒಂದು ಹಾಳೆಯೂ ಹರಿಯಲಿಲ್ಲ.

ಏಳುವಾಗ ಮೇಜಿನ ಡ್ರಾಯರ್ ಅಕ್ಕ ಕೂರುವ ಬದಿಯಲ್ಲಿಲ್ಲ, ಕಪಾಟಿನ ಕಡೆ ಇದೆ ಎಂದು ಕಂಡಿತು. ಓಹೋ, ನಿನ್ನೆ ತಿರುಗಾಮುರುಗಾ ತಳ್ಳಿದ್ದೇನೆ ಎಂದುಕೊಂಡು, ಮತ್ತೆ ಅಂಗಳಕ್ಕೆ ಎಳೆದು, ತಿರುಗಿಸಿ, ಮೊದಲಿನ ಹಾಗೆ ಸರಿಯಾಗಿ ನಿಲ್ಲಿಸಿದೆ. ಆಗಲೂ ಈ ದಡ್ಡ ತಲೆಗೆ ಹೊಳೆಯಲಿಲ್ಲ. ಸಂತೋಷದಿಂದ ಮನೆಗೆ ಹೋದೆ. ಹೆಂಡತಿಗೆ ಏನೂ ಹೇಳಲಿಲ್ಲ, ಎರಡು ಸಲ ಅನ್ನ ಹಾಕಿಸಿಕೊಂಡೆ.

ಗುರುವಾರ ಬೆಳಿಗ್ಗೆ ಹೊಗಳಿಸಿಕೊಳ್ಳುವ ಆಸೆಯಿಂದ ಕೋಣೆಯ ಬಾಗಿಲಲ್ಲಿ ಇಣುಕಿದೆ. ಅಕ್ಕ ಬಾಗಿಲ ಕಡೆಯ ಕಟ್ಟಿನ ಮುಂದೆ ನಿಂತಿದ್ದರು. ಒಂದು ಪ್ರತಿ ತೆರೆದರು, ಮುಚ್ಚಿದರು. ಇನ್ನೊಂದು ತೆರೆದರು. ಕನ್ನಡಕ ಬದಲಾಯಿಸಿ ಮತ್ತೆ ನೋಡಿದರು.

"ಇದನ್ನ ನಾನು ಬರ್ದಿದ್ನಲ್ಲ" ಎಂದರು. ನನಗೆ ಹೇಳಿದ್ದಲ್ಲ, ಹಾಳೆಗೆ ಹೇಳಿದ್ದು.

ಆಗ ನನಗೆ ಅರ್ಥವಾಯಿತು. ಮೇಜು, ಕಿಟಕಿ, ಡ್ರಾಯರ್, ಎಲ್ಲ ಒಂದೇ ಏಟಿಗೆ ಅರ್ಥವಾಯಿತು. ನಾನು ಅಳಿಸಿದ್ದು ಅಕ್ಕ ಬರೆದು ಮುಗಿಸಿದ್ದ ಪ್ರತಿಗಳನ್ನು.

ಅಕ್ಕ ಮೇಜಿನ ಮೇಲೆ ಬೆರಳಾಡಿಸಿದರು. ಒಂದಿಷ್ಟು ರಬ್ಬರ್ ಪುಡಿ ಹತ್ತಿತು. ಆಮೇಲೆ ನನ್ನ ಕಡೆ ತಿರುಗಿದರು. "ನೀನೇನಾದ್ರೂ ಇವನ್ನ ಮುಟ್ಟಿದ್ಯಾ ತಮ್ಮಾ?"

ಹೌದು ಎನ್ನಬೇಕಿತ್ತು. ಹೌದು ಅಂದರೆ ಮ್ಯಾನೇಜರ್‌ಗೆ ಹೋಗುತ್ತದೆ. ಇನ್ನೊಂದು ಸಲ ನಿನ್ನಿಂದ ರಗಳೆಯಾದರೆ ಮನೆಗೆ ಕಳಿಸುತ್ತೇನೆ ಎಂದು ಅವನು ಆ ತಿಂಗಳಷ್ಟೇ ಹೇಳಿದ್ದ. ಇದು ಆಮೇಲೆ ನಾನು ನನಗೆ ಹೇಳಿಕೊಂಡ ಕಾರಣ. ಆ ಹೊತ್ತಿಗೆ ಬಂದದ್ದು ಬರೀ ಸಿಟ್ಟು. ಯಾರ ಮೇಲೆ ಎಂದು ಈಗಲೂ ಹೇಳಲಾರೆ.

"ನಾನ್ಯಾಕೆ ಮುಟ್ಲಿ ನಿಮ್ಮ ಕಾಗದಾನ? ಮೊನ್ನೆ ಒಂದ್ ಮಾತು ಅಂದೆ ಅಂತ ಇವತ್ತು ಕಳ್ಳನ್ನ ಮಾಡ್ತೀರಾ?"

"ಇಲ್ಲಪ್ಪ, ಹಾಗಲ್ಲ" ಎಂದರು ಅಕ್ಕ. ನನ್ನನ್ನು ಕೇಳಿದ್ದಕ್ಕೆ ಅವರೇ ನಾಚಿಕೊಂಡರು. ಆಮೇಲೆ ಕುರ್ಚಿಯಲ್ಲಿ ಮೆಲ್ಲಗೆ ಕೂತು, "ಹಾಗಾದ್ರೆ ನಾನೇ. ಈ ವಾರ ಮನಸ್ಸೇ ಸರಿ ಇರ್ಲಿಲ್ಲ. ಮುಗಿದದ್ದನ್ನೇ ಅಳಿಸ್ತಾ ಕೂತಿದೀನಿ. ಅಳಿಸಿದ್ದೂ ನೆನಪಿಲ್ಲ ನೋಡು" ಎಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು" ಎಂದರು.

ಅವರ ತಾಯಿ ಕೊನೆಯ ಎಂಟು ವರ್ಷ ಮಕ್ಕಳ ಗುರುತೂ ಸಿಗದೆ ಬದುಕಿದವರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಶುಕ್ರವಾರ ಮೊದಲ ಅಭ್ಯಾಸ. ಅಳಿಸಿಹೋದ ಹತ್ತೊಂಬತ್ತರಲ್ಲಿ ಯಜಮಾನರ ಮೂಲ ಪ್ರತಿಯೂ ಇತ್ತು, ಹಾಗಾಗಿ ನೋಡಿ ಬರೆಯಲು ಏನೂ ಉಳಿದಿರಲಿಲ್ಲ. ಅಕ್ಕ ನೆನಪಿನಿಂದಲೇ ಬರೆಯುತ್ತೇನೆಂದು ಹೊರಟರು. ಆದರೆ ತನ್ನ ನೆನಪಿನ ಮೇಲೇ ನಂಬಿಕೆ ಹೋದವರು ಎಷ್ಟು ಬರೆದಾರು? ಎರಡು ಪುಟ ಬರೆದು ಅದನ್ನೂ ಅಳಿಸಿದರು.

ಅಭ್ಯಾಸ ಶುರುವಾಗಿ ಮೂರು ನಿಮಿಷವಾಗಿರಲಿಲ್ಲ, ಕಮಾನುಗಳು ಕಡ್ಡಿಪೆಟ್ಟಿಗೆ ಚೆಲ್ಲಿದ ಹಾಗೆ ಅತ್ತ ಇತ್ತ ಹೋದವು. ಒಬ್ಬರ ಮೊಣಕೈ ಇನ್ನೊಬ್ಬರ ಕಮಾನಿಗೆ ತಾಗಿತು. ಯಾರೋ ನಕ್ಕರು. ಕೋಲು ಹಿಡಿದು ನಡೆಸುವ ಕಂಡಕ್ಟರ್ ನಿಲ್ಲಿಸಿದರು. ಯಜಮಾನರು ಎದ್ದು ನಿಂತು, "ಎರಡು ವಾರ ಕೂತು ಬರೆದದ್ದು ನಾನು! ಎಲ್ಲಿ ಹೋಯ್ತು ಅದು? ಆ ಕೋಣೇಲಿ ಏನು ನಿದ್ದೆ ಮಾಡ್ತಾರಾ?" ಎಂದು ಕೂಗಿದರು.

ಅಕ್ಕ ಪಕ್ಕದ ಪರದೆಯ ಹಿಂದಿನಿಂದ ನಡೆದು ಬಂದು ವೇದಿಕೆಯ ನಡುವೆ, ಕಂಡಕ್ಟರ್ ನಿಲ್ಲುವ ಪೀಠದ ಪಕ್ಕ ನಿಂತರು. ನುಡಿಸುವುದು ಬಿಟ್ಟ ಮೇಲೆ ಅವರು ಅಲ್ಲಿ ನಿಂತದ್ದು ಅದೇ ಮೊದಲು.

"ಬರೆದಿದ್ದೆ. ಅಳಿಸಿದವಳೂ ನಾನೇ. ನನಗೆ ನೆನಪಿಲ್ಲ. ಎಲ್ಲರೂ ಕ್ಷಮಿಸಬೇಕು" ಎಂದರು.

ನಾನು ಹೊಸ ಮೆಟ್ಟಿಲಿನ ಕೆಳಗೆ ಸ್ಪ್ಯಾನರ್ ಹಿಡಿದು ಮಂಡಿಯೂರಿ ಕೂತಿದ್ದೆ. ಹಲಗೆಗಳ ಸಂದಿಯಿಂದ ಅವರ ಚಪ್ಪಲಿ ಮಾತ್ರ ಕಾಣುತ್ತಿತ್ತು. ಒಂದು ಬೋಲ್ಟನ್ನು ಬಿಗಿಯುತ್ತಲೇ ಇದ್ದೆ. ಅದು ಆಗಲೇ ಬಿಗಿಯಾಗಿತ್ತು.

ಕಛೇರಿ ನಡೆಯಿತು. ಯಜಮಾನರು ಮತ್ತೆ ಗುರುತು ಹಾಕಿದರು, ಅಕ್ಕ ಮತ್ತೆ ಎಲ್ಲಕ್ಕೂ ಬರೆದರು, ಪ್ರತಿಯೊಂದನ್ನೂ ಬೇರೆಯವರಿಂದ ತಪಾಸಣೆ ಮಾಡಿಸಿದರು. ಸಭೆ ತುಂಬಿತ್ತು. ನೂರಿಪ್ಪತ್ತು ಮಂದಿ ಒಮ್ಮೆಲೇ ಎದ್ದಾಗ ಮೆಟ್ಟಿಲು ಒಂದಿಷ್ಟೂ ಕಿರುಗುಟ್ಟಲಿಲ್ಲ. ನಡುವೆ ಒಂದು ಕಡೆ ಪಿಟೀಲುಗಳೆಲ್ಲ ನಿಂತು, ಬರೀ ಹೆಂಗಸರ ದನಿ ಬಹಳ ಮೆಲ್ಲಗೆ ಏಳುತ್ತದೆ. ಅಲ್ಲಿ ಏನು ಹಾಡುತ್ತಾರೆ ಎಂದು ನಾನು ಅಭ್ಯಾಸದ ದಿನ ಕೋರಸ್‌ನ ಒಬ್ಬರನ್ನು ಕೇಳಿದ್ದೆ. ಕರುಣೆ ಬೇಡುವುದು ಎಂದಿದ್ದರು. ಆ ಭಾಗ ಬಂದಾಗ ಪಕ್ಕದ ಪರದೆಯ ಹಿಂದೆ ನಿಲ್ಲಲಾಗದೆ ಹೊರಗೆ ಅಂಗಳಕ್ಕೆ ಹೋದೆ. ಗೋಡೆ ದಾಟಿ ಅಲ್ಲಿಗೂ ಕೇಳುತ್ತಿತ್ತು.

ಮುಂದಿನ ಸೋಮವಾರ ಅಕ್ಕ ಕೆಲಸ ಬಿಟ್ಟರು. ನಾಳೆ ಹೇಳುತ್ತೇನೆ, ಮನೆಗೇ ಹೋಗಿ ಹೇಳುತ್ತೇನೆ ಎಂದುಕೊಂಡೆ. ನಾಳೆ ನಾಳೆ ಎಂದು ಹದಿನಾಲ್ಕು ತಿಂಗಳಾಯಿತು. ಆ ಹದಿನಾಲ್ಕು ತಿಂಗಳು ನಾನು ಯಾರ ಮೇಲೂ ಕೂಗಲಿಲ್ಲ. ಕುಕ್ಕರ್ ಕೆಟ್ಟಿದೆ, ವಾಷರ್ ಹಾಕಿಸಿ ಎಂದು ಪಿಟೀಲಿನವರು ನಗಾಡಿದರು.

ಒಂದು ಮಧ್ಯಾಹ್ನ ಅಕ್ಕನ ತಂಗಿ ಸಭಾಂಗಣಕ್ಕೆ ಬಂದರು. ಅವರು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರು, ಅಕ್ಕನ ಜೊತೆಯಲ್ಲೇ ಇರುವವರು. ಕೋಣೆಯಲ್ಲಿ ಉಳಿದಿದ್ದ ಅಕ್ಕನ ಸ್ವೆಟರು, ಹಳೆಯ ಕನ್ನಡಕ ತೆಗೆದುಕೊಂಡು ಹೋಗಲು ಬಂದಿದ್ದರು.

"ಅಕ್ಕ ಹೇಗಿದಾರೆ?" ಎಂದೆ.

"ಬರೋ ಒಂದನೇ ತಾರೀಕು ಹೋಗ್ತಾಳೆ."

"ಎಲ್ಲಿಗೆ?"

"ಮರೆವಿನವರನ್ನ ನೋಡ್ಕೊಳ್ಳೋ ಮನೆ ಇದೆಯಲ್ಲ, ಅಲ್ಲಿಗೆ. ತಾನೇ ಹೋಗಿ ಹೆಸರು ಬರೆಸಿ ಬಂದಿದಾಳೆ. ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ ಏನೂ ಇಲ್ಲ, ವಯಸ್ಸಿಗೆ ತಕ್ಕಂತೆ ಚೆನ್ನಾಗೇ ಇದೀರಿ ಅಂದ್ರು. ಕೇಳಲ್ಲ. 'ಹತ್ತೊಂಬತ್ತು ಪ್ರತಿ ಅಳಿಸಿ ಮರೆತವಳು ನಾಳೆ ಗ್ಯಾಸ್ ಹಚ್ಚಿ ಮರೀತೀನಿ, ಜೊತೆಗೆ ನೀನೂ ಸಾಯ್ತೀಯ' ಅಂತಾಳೆ. ನಾನೇನು ಮಾಡ್ಲಿ ಹೇಳಿ?"

ಸ್ವೆಟರನ್ನು ಚೀಲಕ್ಕೆ ತುರುಕಿಕೊಂಡು ಹೋದರು. ಒಂದನೇ ತಾರೀಕಿಗೆ ಒಂಬತ್ತು ದಿನವಿತ್ತು.

ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಎರಡನೇ ಮಹಡಿ. ಬಾಗಿಲು ತೆರೆದವರು ಅಕ್ಕನೇ. ಸೊರಗಿದ್ದರು. "ಬಾರೋ ಬಾ, ದಾರಿ ಮರೆತಿದ್ದು ನಾನಾ ನೀನಾ?" ಎಂದು ನಕ್ಕರು. ಒಳಗೆ ಎಲ್ಲಿ ನೋಡಿದರೂ ಚೀಟಿಗಳು. ಕಪಾಟಿನ ಮೇಲೆ ಒಳಗೇನಿದೆ ಎಂದು ಚೀಟಿ, ನಲ್ಲಿಯ ಮೇಲೆ ಚೀಟಿ, ಬಾಗಿಲ ಮೇಲೆ ಬೀಗದ ಕೈ ತೆಗೆದುಕೊಂಡೆಯಾ ಎಂದು ಚೀಟಿ. ಮೇಜಿನ ಮೇಲೆ ಒಂದು ನೋಟ್ ಪುಸ್ತಕ. ಎದ್ದದ್ದು, ಹಲ್ಲುಜ್ಜಿದ್ದು, ಮಾತ್ರೆ ತಗೊಂಡದ್ದು, ಪ್ರತಿಯೊಂದಕ್ಕೂ ಗಂಟೆ ಹಾಕಿ ಬರೆದಿದ್ದರು. ನಾನು ಕೂರುವಷ್ಟರಲ್ಲಿ ನಾನು ಬಂದದ್ದನ್ನೂ ಬರೆದರು.

ಅಷ್ಟೇ, ನನಗೆ ತಡೆಯಲಾಗಲಿಲ್ಲ. "ಅಕ್ಕ, ಅಳಿಸಿದ್ದು ನೀವಲ್ಲ, ನಾನು" ಎಂದೆ. ಮೇಜು ಎಳೆದದ್ದು, ತಿರುಗಿಸಿ ತಳ್ಳಿದ್ದು, ಬುಧವಾರ ಕೂತು ಉಜ್ಜಿದ್ದು, ಡ್ರಾಯರ್ ನೋಡಿ ಮತ್ತೆ ಸರಿಮಾಡಿದ್ದು, ಕೇಳಿದಾಗ ಸುಳ್ಳು ಹೇಳಿದ್ದು, ಒಂದೂ ಬಿಡದೆ ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ.

ನೋಟ್ ಪುಸ್ತಕ ಮುಚ್ಚಿದ ಸದ್ದು ಕೇಳಿತು. ಆಮೇಲೆ ಅಕ್ಕ, "ಕನಿಕರಕ್ಕೆ ಹೇಳ್ತಿದೀಯಾ? ನನ್ನ ತಂಗಿ ಹೇಳಿಕೊಟ್ಟು ಕಳಿಸಿದ್ಲಾ?" ಎಂದರು.

"ನನ್ನ ಮಕ್ಕಳಾಣೆ ಅಕ್ಕ."

"ತಡಿ. ನೀನು ಹೇಳ್ಬೇಡ, ನಾನು ಹೇಳ್ತೀನಿ. ತಪ್ಪಿದ್ರೆ ತಪ್ಪು ಅನ್ನು." ಕಣ್ಣು ಮುಚ್ಚಿದರು. "ನೀನು ಅಳಿಸಿದ ಕಟ್ಟಲ್ಲಿ ಮೊದಲ ಪಿಟೀಲು ಎಂಟು."

"ಹೌದು."

"ಎರಡನೇ ಪಿಟೀಲು ಏಳು."

"ಹೌದಕ್ಕ."

"ಸೆಲ್ಲೋ ನಾಲ್ಕು. ಮೇಲುಗಡೆ ಇದ್ದದ್ದು ಸೆಲ್ಲೋದ ನಾಲ್ಕನೇದು. ಅದರ ಕೊನೇ ಪುಟದ ಮೂಲೆ ಮಡಚಿತ್ತು, ನೀನು ಕೂಗಾಡ್ತಿರುವಾಗ ನನ್ನ ಕೈ ತಾಗಿ ಮಡಚಿದ್ದು."

ನನಗೆ ಬರಹ ಬರದಿದ್ದರೂ ಮುಖಪುಟದ ಅಂಕಿಗಳು ಬರುತ್ತವೆ. ದಿನಾ ಅವನ್ನೇ ನೋಡಿ ಸ್ಟ್ಯಾಂಡ್ ಮೇಲೆ ಇಡುವವನು. ಮಡಚಿದ ಮೂಲೆಯನ್ನು ನಾನೇ ಉಗುರಿನಿಂದ ತೀಡಿ ನೇರ ಮಾಡಿದ್ದೆ. "ಹೌದಕ್ಕ, ಮಡಚಿತ್ತು" ಎಂದೆ.

ಅಕ್ಕ ಕಣ್ಣು ತೆರೆದರು. "ನನಗೆ ಎಲ್ಲಾ ನೆನಪಿತ್ತು" ಎಂದರು. "ಎಲ್ಲಾ ಸರಿಯಾಗೇ ನೆನಪಿತ್ತಲ್ಲೋ. ನೆನಪಿದ್ದದ್ದನ್ನೇ ಭ್ರಮೆ ಅಂದ್ಕೊಂಡು ಕೂತೆ."

ಮುಖದಲ್ಲಿ ಒಂದು ಕ್ಷಣ ಬೆಳಕು ಬಂತು. ಹಾಗೇ ಹೋಯಿತು. ನನ್ನ ಕಡೆ ನೋಡಿದ ನೋಟ ನಾನು ಅವರಲ್ಲಿ ಅದುವರೆಗೆ ಕಂಡದ್ದಲ್ಲ.

"ಹದಿನಾಲ್ಕು ತಿಂಗಳು. ಬೆಳಿಗ್ಗೆ ಎದ್ದು ಮೊದಲು ನನ್ನ ತಂಗಿ ಹೆಸರು ನೆನಪಿದೆಯಾ ಅಂತ ನೋಡ್ಕೋತಿದ್ದೆ. ದಿನಾ. ನಿನಗೆ ಗೊತ್ತಾ ಅದು ಹೇಗಿರತ್ತೆ ಅಂತ?"

"ತಪ್ಪಾಯ್ತು ಅಕ್ಕ."

"ನನಗೆ ಹೇಳಿದ್ದು ಸಾಕು. ನಾನು ಎಲ್ಲಿ ನಿಂತು ಹೇಳಿದ್ನೋ ಅಲ್ಲಿ ನಿಂತು ಹೇಳು. ಈಗ ಹೊರಡು."

ಮಂಗಳವಾರ ಅಭ್ಯಾಸವಿತ್ತು, ಮತ್ತೊಂದು ದೊಡ್ಡ ಕೃತಿ, ಕೋರಸ್ ಸಮೇತ. ಎಲ್ಲರೂ ಕೂತು ಶ್ರುತಿ ಮಾಡಿಕೊಳ್ಳುತ್ತಿದ್ದಾಗ ನಾನು ಹೋಗಿ ಕಂಡಕ್ಟರ್ ಪೀಠದ ಪಕ್ಕ ನಿಂತೆ. ಹಿಂದಿನಿಂದ ಸೀಟಿ ಬಂತು. ಕಂಡಕ್ಟರ್ ಹೊಸಬರು. "ಏನಾದರೂ ಸರಿಪಡಿಸಬೇಕಿತ್ತಾ?" ಎಂದರು.

"ಹೌದು ಸಾರ್" ಎಂದೆ. ಹೇಳಿದೆ. ಅಕ್ಕನಿಗೆ ಹೇಳಿದಷ್ಟು ಚೆನ್ನಾಗಿ ಬರಲಿಲ್ಲ, ಆದರೆ ಹೇಳಿದೆ. ಮುಗಿದಾಗ ನೋಡಿದರೆ ಮುಂದೆ ಕೂತಿದ್ದವರಲ್ಲಿ ಎಷ್ಟೋ ಹೊಸಬರು, ಅವರಿಗೆ ಇದರ ತಲೆಬುಡ ತಿಳಿದಿಲ್ಲ. ಹೊಸದಾಗಿ ಸೇರಿದ ಒಬ್ಬಳು ಪಕ್ಕದವಳನ್ನು, "ಯಾರು ಆ ಅಕ್ಕ?" ಎಂದು ಕೇಳಿದ್ದು ನನಗೆ ಕೇಳಿಸಿತು. ಆ ಮಾತು ಬೈಗುಳಕ್ಕಿಂತ ಜೋರಾಗಿ ಬಡಿಯಿತು. ಒಂದು ವರ್ಷದ ಹಿಂದೆ ಹೇಳಿದ್ದರೆ ಎಲ್ಲರಿಗೂ ಗೊತ್ತಿರುತ್ತಿತ್ತು.

ಯಜಮಾನರಿಗೆ ಗೊತ್ತಿತ್ತು. ಪಿಟೀಲನ್ನು ಕುರ್ಚಿಯ ಮೇಲಿಟ್ಟು, ಹತ್ತು ನಿಮಿಷ ಬಿಡುವು ಎಂದು ಹೇಳಿ, ಫೋನ್ ಹಿಡಿದು ಅಕ್ಕನ ಹಳೆಯ ಕೋಣೆಗೆ ಹೋದರು. ನಾನು ಬಾಗಿಲ ಹೊರಗೆ ನಿಂತೆ. ಅವರು ಮಾತಾಡಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು. ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು.

"ಆ ಮನೆಗೆ ಹೋಗಲ್ವಂತೆ. ಹೆಸರು ತೆಗೆಸ್ತಾರಂತೆ."

"ಇಲ್ಲಿಗೆ, ಸಾರ್?"

"ಕರೆದೆ. ನಾನು ಅವತ್ತು ಕೂಗಿದ್ದಕ್ಕೂ ಕ್ಷಮೆ ಕೇಳಿದೆ. ಬರಲ್ಲ ಅಂದ್ರು. 'ತಲೆ ಸರಿ ಇದೆ ಅಂತ ಗೊತ್ತಾಯ್ತು, ಅಷ್ಟು ಸಾಕು. ಅಲ್ಲಿಗೆ ಬಂದ್ರೆ ದಿನಾ ಅವನ ಮುಖ ನೋಡ್ಬೇಕಾಗತ್ತೆ' ಅಂದ್ರು."

"ಹಾಗಾದ್ರೆ ನಾನು ಬಿಡ್ತೀನಿ ಸಾರ್. ಈಗ್ಲೇ. ಅವರು ಬರಲಿ."

"ಅದನ್ನೂ ಹೇಳಿ ನೋಡಿದೆ. ನೀನು ಹಾಗೇ ಅಂತೀಯ ಅಂತ ಅವರಿಗೆ ಮೊದಲೇ ಗೊತ್ತಿತ್ತು. 'ಅವನು ಬಿಟ್ರೆ ಮೆಟ್ಟಿಲು ಕಟ್ಟೋರ್ಯಾರು? ನೂರಿಪ್ಪತ್ತು ಜನ ಬೀಳ್ತಾರೆ. ಸುಮ್ನೆ ಅವನ ಕೆಲಸ ಅವನು ಮಾಡ್ಲಿ' ಅಂದ್ರು."

ಅವರು ಒಳಗೆ ಹೋದರು. ಕೋರಸ್‌ನವರು ಆಗಲೇ ಮೆಟ್ಟಿಲ ಬುಡದಲ್ಲಿ ಗುಂಪಾಗಿ ನಿಂತು, ಹತ್ತಬಹುದಾ ಎಂದು ನನ್ನನ್ನೇ ನೋಡುತ್ತಿದ್ದರು. ಒಂದು ನಿಮಿಷ ಎಂದು ಕೈ ತೋರಿಸಿ ಕೆಳಗೆ ನುಸುಳಿದೆ. ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಎಡಗಡೆಯ ಮೂರನೆಯದು ಸಡಿಲವಾಗಿತ್ತು. ಬಿಗಿದು ಹೊರಗೆ ಬಂದು, "ಹತ್ತಿ" ಎಂದೆ.